ಕೌದಿಯ ಅಂಗಿ ತೊಟ್ಟವಳು

ಕಲ್ಮುಡಿ ರಾಜ್ಯದಲ್ಲಿ ಆ ಕಾಲಕ್ಕೆ ಎಲ್ಲರೂ ನಂಬಿದ್ದ ಸಂಗತಿ ಇದು: ಅರಮನೆ ಕೊಟ್ಟ ಬಟ್ಟೆ ಬಿಟ್ಟು ತಮಗೆ ಬೇಕಾದ್ದನ್ನು ತೊಟ್ಟವರು ಯಾರ ಕಣ್ಣಿಗೂ ಕಾಣುವುದಿಲ್ಲ.

ಬಹಳ ಹಿಂದಿನ ಮಾತು. ರಾಜನಿಗೆ ಒಂದು ಹೆಸರಿತ್ತು. ಅದನ್ನು ನೆನಪಿಟ್ಟುಕೊಳ್ಳುವಂಥ ಕೆಲಸವನ್ನೇನೂ ಅವನು ಮಾಡಲಿಲ್ಲ. ಅವನಿಗೆ ಬಣ್ಣ ಕಂಡರೆ ತಲೆನೋವು ಬರುತ್ತಿತ್ತು. ಅವನ ಆಸ್ಥಾನದಲ್ಲಿ ಶೂನ್ಯಮುಖನೆಂಬ ಮಾಂತ್ರಿಕನಿದ್ದ. ರಾಜನಿಗೆ ಕಷಾಯ ಕುಡಿಸುವ ಬದಲು ಶೂನ್ಯಮುಖ ಇಡೀ ರಾಜ್ಯದ ಮೇಲೆ ಮಂತ್ರ ಹಾಕಿದ. ಅಂದಿನಿಂದ ಹದಿಮೂರು ತುಂಬಿದ ಪ್ರತಿಯೊಬ್ಬರಿಗೂ ಅರಮನೆಯಿಂದ ಬಟ್ಟೆ ಬರುತ್ತಿತ್ತು. ಹೊಲ ಊಳುವವರಿಗೆ ಮಣ್ಣಿನ ಬಣ್ಣ, ಎಣ್ಣೆ ತೆಗೆಯುವವರಿಗೆ ಹಿಂಡಿಯ ಬಣ್ಣ, ಮೀನು ಹಿಡಿಯುವವರಿಗೆ ಕೆರೆಯ ಕೆಸರಿನ ಬಣ್ಣ, ಗಂಡ ಸತ್ತವರಿಗೆ ಬೂದಿಯ ಬಣ್ಣ. ಒಟ್ಟು ಹದಿನಾರು ಬಣ್ಣಗಳಿವೆ ಎಂದು ಅರಮನೆಯವರು ಹೇಳುತ್ತಿದ್ದರು. ನೋಡುವವರಿಗೆ ಹದಿನಾರೂ ಒಂದೇ ಥರ ಕಾಣುತ್ತಿದ್ದವು.

ಮಂತ್ರಕ್ಕೆ ಎರಡನೆಯ ಭಾಗವೂ ಇತ್ತು. ಮಾಯವಾದವರನ್ನು ಕಂಡೆ ಎಂದವರು ತಾವೂ ಮಾಯವಾಗುತ್ತಾರೆ. ಮಾಯವಾದವರ ದನಿ ಕೇಳಿಸುವುದಿಲ್ಲ ಎಂದು ಮಾತ್ರ ಶೂನ್ಯಮುಖ ಹೇಳಿರಲಿಲ್ಲ. ಅದನ್ನು ಜನರೇ ಸೇರಿಸಿಕೊಂಡರು.

ಸಾಕ್ಷಿ ಬೇಕೆಂದವರಿಗೆ ಸಾಕ್ಷಿಯೂ ಇತ್ತು. ಗಾಡಿ ಹೊಡೆಯುವ ಅಡಿವೆಪ್ಪ ಒಮ್ಮೆ ತಲೆಗೆ ಕೆಂಪು ರುಮಾಲು ಸುತ್ತಿದ. ಆಮೇಲೆ ಅವನನ್ನು ಯಾರೂ ನೋಡಲಿಲ್ಲ. ಅವನ ಹೆಂಡತಿಯೇ ಕೆರೆಯ ಏರಿಯ ಮೇಲೆ ನಿಂತು ಹಾಗೆಂದು ಹೇಳಿದಳು. ಮುಂದೆ ಅವಳಿಗೆ ಇನ್ನೂ ಇಬ್ಬರು ಮಕ್ಕಳಾದರು. ಇಬ್ಬರಿಗೂ ಅಡಿವೆಪ್ಪನದೇ ಮೂಗು. ಮಂತ್ರದ ಮಹಿಮೆ ದೊಡ್ಡದು ಎಂದು ಊರು ತಲೆದೂಗಿತು.

ಆ ಊರಿನ ಗಾಣದ ಓಣಿಯಲ್ಲಿ ಇಬ್ಬರು ಅಕ್ಕತಂಗಿಯರಿದ್ದರು. ಅಕ್ಕ ಸಾತವ್ವ, ತಂಗಿ ನಿಂಬವ್ವ. ಇಬ್ಬರ ನಡುವೆ ಹತ್ತು ವರ್ಷದ ಅಂತರ. ಅಪ್ಪ ಇರಲಿಲ್ಲ. ಅವ್ವ ಕೌದಿ ಹೊಲಿಯುತ್ತಿದ್ದಳು. ಹರಿದ ಸೀರೆ, ಸವೆದ ಧೋತರ, ಎಲ್ಲವನ್ನೂ ಚೂರು ಮಾಡಿ, ದಾಳಿಂಬೆ ಸಿಪ್ಪೆಯಲ್ಲೋ ನೀಲಿಯಲ್ಲೋ ಅದ್ದಿ, ಒಂದರ ಪಕ್ಕ ಒಂದಿಟ್ಟು ಹೊಲಿದ ಹೊದಿಕೆ. ಹೊದಿಕೆಗೆ ರಾಜಾಜ್ಞೆ ಇರಲಿಲ್ಲ. ಕಣ್ಣು ಮುಚ್ಚಿದ ಮೇಲೆ ಯಾವ ಬಣ್ಣವಾದರೇನು ಎಂದು ಅರಮನೆ ಬಿಟ್ಟಿತ್ತು. ಹಾಗಾಗಿ ಕಲ್ಮುಡಿಯಲ್ಲಿ ಬಣ್ಣವೆಂಬುದು ಬದುಕಿದ್ದರೆ ಹಾಸಿಗೆಯಲ್ಲಿ ಮಾತ್ರ. ಬೆಳಗಾದರೆ ಅದನ್ನು ಮಡಚಿ ಮೂಲೆಗಿಡುತ್ತಿದ್ದರು.

ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅವ್ವ ಅದರೊಳಗೆ ನಾಲ್ಕು ಜೋಳದ ಕಾಳು ಇಟ್ಟು ಹೊಲಿಯುತ್ತಿದ್ದಳು.

“ಕೌದಿ ಉಪವಾಸ ಇರಬಾರದವಾ” ಎನ್ನುತ್ತಿದ್ದಳು.

“ಯಾಕ ಇರಬಾರದು?” ಎಂದು ನಿಂಬವ್ವ ಕೇಳಿದರೆ, “ನಮ್ಮವ್ವ ಹಂಗ ಅಂತಿದ್ಲು” ಎನ್ನುವಳು. ಅದಕ್ಕಿಂತ ಹೆಚ್ಚಿನ ಆಧಾರ ಅವಳ ಬಳಿ ಇರಲಿಲ್ಲ.

ನಿಂಬವ್ವನಿಗೆ ಹನ್ನೆರಡು ನಡೆಯುವಾಗ ಅವ್ವ ತೀರಿಕೊಂಡಳು. ಅವಳು ಹೊಲಿದ ಕೊನೆಯ ಕೌದಿ ಮನೆಯಲ್ಲಿ ಉಳಿಯಿತು. ಮರುವರ್ಷ ಅರಮನೆಯಿಂದ ನಿಂಬವ್ವನ ಬಟ್ಟೆ ಬಂತು. ಹಿಂಡಿಯ ಬಣ್ಣದ್ದು. ಸಾತವ್ವ ಅದನ್ನು ಒಗೆದು, ಒಣಗಿಸಿ, ಗೂಟಕ್ಕೆ ಹಾಕಿದಳು. ನಿಂಬವ್ವ ಅದನ್ನು ನೋಡಿದಳು, ಕೌದಿಯನ್ನು ನೋಡಿದಳು. ಮಧ್ಯಾಹ್ನ ಅಕ್ಕ ಗಾಣಕ್ಕೆ ಹೋದಾಗ ಕತ್ತರಿ ತೆಗೆದುಕೊಂಡು ಕೌದಿಯನ್ನು ಕತ್ತರಿಸಿ ಅಂಗಿ ಹೊಲಿದಳು. ಎಡತೋಳು ನೀಲಿ, ಬಲತೋಳು ದಾಳಿಂಬೆ ಸಿಪ್ಪೆಯ ಹಳದಿ, ಸೆರಗಿನ ಕಪ್ಪು ಅಂಚು ಸುತ್ತಲೂ, ಎದೆಯ ಮೇಲೆ ಅವ್ವನ ಹೊಲಿಗೆ ಹಾಗೆಯೇ, ಜೋಳದ ಕಾಳಿನ ಮೂಲೆ ಎಡಕ್ಕೆ. ಗುಂಡಿಗೆ ತೆಂಗಿನ ಕರಟ. ಇದರಲ್ಲಿ ದೊಡ್ಡ ಧೈರ್ಯವೇನೂ ಇರಲಿಲ್ಲ. ಅದು ಅವಳಿಗೆ ಒಪ್ಪುತ್ತಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ ಅದನ್ನು ತೊಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಸಾತವ್ವ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಿದಳು. ಕೈ ನಿಂತಿತು. ಆಮೇಲೆ ಮುಖವನ್ನು ನಿಧಾನವಾಗಿ ಗೋಡೆಯ ಕಡೆ ತಿರುಗಿಸಿದಳು.

“ನಿಂಬೀ” ಎಂದಳು ಗೋಡೆಗೆ. “ಎಲ್ಲಿ ಹೋದಿ?”

“ಇಲ್ಲೇ ಅದೀನಲ್ಲ ಅಕ್ಕಾ.”

ಸಾತವ್ವನಿಗೆ ಕೇಳಿಸಲಿಲ್ಲ. ರೊಟ್ಟಿ ಹೊತ್ತಿತು. ಆಗ ಅಕ್ಕ “ನಿಂಬಿ” ಎಂದದ್ದೇ ಕೊನೆ.

ಹಾಗೆ ನಿಂಬವ್ವ ಮಾಯವಾದಳು. ಏಳು ವರ್ಷ.

ಮಾಯವಾದವರ ಬದುಕಿನಲ್ಲಿ ಕೆಲವು ಅನುಕೂಲಗಳಿವೆ. ಸಂತೆಯ ನೂಕುನುಗ್ಗಲಿನಲ್ಲಿ ಅವಳಿಗೆ ಯಾವಾಗಲೂ ದಾರಿ ಸಿಗುತ್ತಿತ್ತು. ಬಾವಿಕಟ್ಟೆಯಲ್ಲಿ ಅವಳು ಕೊಡ ಇಟ್ಟರೆ ಉಳಿದವರು ಸುಮ್ಮನೆ ಕಾಯುತ್ತಿದ್ದರು. ಆದರೆ ಅನುಕೂಲಗಳು ಮಾತಾಡುವುದಿಲ್ಲ. ಹೊಸ ಗುಂಡಿ ಹಾಕಿದ ದಿನ ಅವಳು ಸಂತೆಯ ನಡುವೆ ನಿಂತು ಕೇಳುತ್ತಿದ್ದಳು: “ಹೆಂಗ ಐತಿ?” ಬಳೆ ಮಾರುವವಳು ಬಳೆ ಎಣಿಸುತ್ತಿದ್ದಳು. ಮಡಕೆ ಮಾರುವವನು ಮಡಕೆ ಬಡಿದು ನೋಡುತ್ತಿದ್ದ. “ಚೆಂದ ಇಲ್ಲ ಅಂತನಾದ್ರೂ ಅನ್ರಿ” ಎಂದಳು ಒಂದು ದಿನ. ಯಾರೂ ಅಷ್ಟೂ ಅನ್ನಲಿಲ್ಲ. ಬಟ್ಟೆ ತೊಡುವುದು ಒಂದು ಮಾತು ಆಡಿದ ಹಾಗೆ. ಅವಳು ಏಳು ವರ್ಷ ಒಂದೇ ಮಾತನ್ನು ಆಡುತ್ತಿದ್ದಳು, ಕೇಳುವವರು ಇರಲಿಲ್ಲ.

ಹದಿಮೂರರ ಅಂಗಿ ಹದಿನಾಲ್ಕಕ್ಕೆ ಬಿಗಿಯಾಯಿತು. ಅರಮನೆಯ ಹೊಲಿಗೆಮನೆಯ ಹಿಂದೆ ಬಿಸಾಡಿದ ಚಿಂದಿಗಳನ್ನು ತಂದು, ಬಣ್ಣದಲ್ಲಿ ಅದ್ದಿ, ತೋಳಿಗೆ ಒಂದು ಪಟ್ಟಿ ಸೇರಿಸಿದಳು. ಹದಿನೈದಕ್ಕೆ ಇನ್ನೊಂದು. ಹೀಗೆ ಅಂಗಿ ಅವಳ ಜೊತೆ ಬೆಳೆಯಿತು. ನಿಂಬವ್ವ ಅಕ್ಕನಿಗಿಂತ ಒಂದು ಗೇಣು ಎತ್ತರವಾದಳು; ಅಡುಗೆಮನೆಯ ಬಾಗಿಲಲ್ಲಿ ಬಗ್ಗಿ ಬರಬೇಕಾಯಿತು. ಅದು ಅಕ್ಕನಿಗೆ ಗೊತ್ತಾಗುವ ಹಾಗಿರಲಿಲ್ಲ.

ಸಾತವ್ವ ಮದುವೆಯಾಗಲಿಲ್ಲ. ಗೂಟದ ಮೇಲಿನ ಹಿಂಡಿ ಬಣ್ಣದ ಬಟ್ಟೆಯನ್ನು ಪ್ರತಿ ಸೋಮವಾರ ಒಗೆದು ಮತ್ತೆ ಅಲ್ಲೇ ಹಾಕುತ್ತಿದ್ದಳು. ನಿಂಬವ್ವ ಅದನ್ನು ತೊಟ್ಟರೆ ಆಯಿತು, ಆ ಕ್ಷಣವೇ ಎಲ್ಲರಿಗೂ ಕಾಣುತ್ತಿದ್ದಳು. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ಸಲ ಗೂಟದಿಂದ ತೆಗೆದಿದ್ದಳು, ಮೈಗೆ ಹಿಡಿದು ನೋಡಿದ್ದಳು. ಅಕ್ಕನಿಗೆ ಆಗ ಕಾಣುವುದು ಯಾರು ಎಂಬ ಪ್ರಶ್ನೆ ಬಂದು, ಮತ್ತೆ ಗೂಟಕ್ಕೆ ಹಾಕಿದ್ದಳು.

ಏಳನೆಯ ವರ್ಷ ಸಾತವ್ವನಿಗೆ ಜ್ವರ ಬಂತು. ಮೂರು ದಿನ ಏಳಲಿಲ್ಲ. ನಿಂಬವ್ವ ಪಕ್ಕದಲ್ಲಿ ಕೂತು ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಗಂಜಿ ಕುಡಿಸಿದಳು. ಜ್ವರ ಏರಿದಾಗ ಸಾತವ್ವನ ತುಟಿ ಅಲುಗಿತು: “ನಿಂ...” ಅಷ್ಟಕ್ಕೇ ನಿಂತಿತು. ಮೂರನೆಯ ದಿನ ಬೆಳಿಗ್ಗೆ ಜ್ವರ ಇಳಿಯಿತು. ಅವಳು ಕಣ್ಣು ತೆರೆದಳು, ಮೇಲೆ ಬಗ್ಗಿದ್ದ ಮುಖದ ಕಡೆ ಒಮ್ಮೆ ನೋಡಿದಳು, ಗೋಡೆಯ ಕಡೆ ಮಗ್ಗುಲಾದಳು. ಪಕ್ಕದ ಮನೆಯವಳು ಬಂದು ಕೇಳಿದಾಗ, “ಗಾಳಿಗೆ ಇಳೀತವಾ” ಎಂದಳು.

ಅಂದು ನಿಂಬವ್ವ ತೀರ್ಮಾನಿಸಿದಳು. ಮಂತ್ರ ಹಾಕಿದವನು ತೆಗೆಯಲಿ. ಶೂನ್ಯಮುಖ ಆಸ್ಥಾನ ಬಿಟ್ಟು ಈಗ ಮಂಜಿನ ಗುಡ್ಡದ ಮೇಲೆ ಮೂರು ಬಾಗಿಲುಗಳ ಆಚೆ ಇದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಹೋದವರಿಲ್ಲ. ಮಂತ್ರ ಹೋಗಲಿ ಎಂದು ಬೇಡಿದವರಿದ್ದರೆ ತಾನೇ?

“ಅಕ್ಕಾ, ನಾ ಮಂಜಿನ ಗುಡ್ಡಕ್ಕ ಹೊಂಟೆ” ಎಂದಳು. “ಬಂದ ಮ್ಯಾಲ ನೀ ನನ್ನ ನೋಡಿ ನಿಂಬೀ ಅನ್ನಬೇಕು. ಗ್ವಾಡಿಗಲ್ಲ, ನನಗ.”

ಸಾತವ್ವನಿಗೆ ಕೇಳಿಸಲಿಲ್ಲ. ಅವಳು ಎದ್ದು, ಎಂಟು ರೊಟ್ಟಿ ತಟ್ಟಿ, ಶೇಂಗಾ ಹಿಂಡಿಯ ಜೊತೆ ಬಟ್ಟೆಯಲ್ಲಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟಳು. “ಕಾಗಿಗೆ” ಎಂದು ತನಗೆ ತಾನೇ ಹೇಳಿಕೊಂಡಳು. ಕಾಗೆಗೆ ಬುತ್ತಿ ಕಟ್ಟುವ ಪದ್ಧತಿ ಕಲ್ಮುಡಿಯಲ್ಲಿ ಇರಲಿಲ್ಲ. ನಿಂಬವ್ವ ಅದನ್ನೂ ತನ್ನ ಸೂಜಿ, ದಾರ, ಕತ್ತರಿಯನ್ನೂ ಎತ್ತಿಕೊಂಡು ಹೊರಟಳು.

ಒಂದು ದಿನ ನಡೆದಳು. ಮೊದಲ ಬಾಗಿಲು ಬಂತು. ಬಾಗಿಲಲ್ಲಿ ಒಂದು ಹುಲಿ ಮಲಗಿತ್ತು. ಅದರ ಮೈಮೇಲೆ ಒಂದು ಪಟ್ಟೆಯೂ ಇರಲಿಲ್ಲ.

“ನಿಲ್ಲು” ಎಂದಿತು ಹುಲಿ.

ನಿಂಬವ್ವ ಹಿಂದೆ ತಿರುಗಿ ನೋಡಿದಳು. ಯಾರೂ ಇರಲಿಲ್ಲ.

“ನನಗ ಅಂದ್ಯೇನು?”

“ಮತ್ಯಾರಿಗೆ? ಕಲ್ಲಿಗೆ ಅಂದ್ನೇನು?”

“ನಾ ನಿನಗ ಕಾಣ್ತೀನಿ?”

“ಹುಲಿ ಅದೀನವಾ ನಾ. ಎದುರಿಗೆ ಊಟ ಬಂದು ನಿಂತ್ರ ಕಾಣಂಗಿಲ್ಲೇನು?” ಹುಲಿ ಅವಳನ್ನು ಮೇಲಿಂದ ಕೆಳಗೆ ನೋಡಿತು. “ಅಲ್ಲ, ಒಂದು ತೋಳು ನೀಲಿ, ಒಂದು ತೋಳು ಹಳದಿ. ಯಾಕ?”

ಏಳು ವರ್ಷದಿಂದ ನಿಂಬವ್ವ ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡು ತಿರುಗುತ್ತಿದ್ದಳು. ಈಗ ಯಾರೋ ಕೇಳಿದರು. ಬಂಡೆಯ ಮೇಲೆ ಕೂತು ಅತ್ತಳು. ಹುಲಿಗೆ ಮುಜುಗರವಾಯಿತು.

“ಕೇಳಿದ್ದು ತಪ್ಪಾತೇನು? ಬಿಡು ಹಂಗಾದ್ರ. ಚೊಲೋ ಐತಿ.”

“ಎರಡೂ ಬಣ್ಣ ನನಗ ಸೇರ್ತಾವ” ಎಂದಳು ಮೂಗು ಒರೆಸಿಕೊಂಡು. “ಒಂದನ್ನ ಬಿಡಾಕ ಮನಸ್ಸಾಗಲಿಲ್ಲ.” ಏಳು ವರ್ಷದ ಉತ್ತರ ಅಷ್ಟೇ ಇತ್ತು.

ಹುಲಿ ತನ್ನ ಕತೆ ಹೇಳಿತು. ಶೂನ್ಯಮುಖ ಅದರ ಪಟ್ಟೆಗಳನ್ನು ಕಿತ್ತು ಪೆಟ್ಟಿಗೆಯಲ್ಲಿ ಇಟ್ಟಿದ್ದ. ಪಟ್ಟೆ ಇಲ್ಲದ ಹುಲಿ ಅವನು ಹೇಳಿದ್ದನ್ನು ಕೇಳಬೇಕು. ಬಂದವರನ್ನೆಲ್ಲ ತಿನ್ನು ಎಂದು ಹೇಳಿದ್ದ.

“ತಿನ್ನಬೇಕು. ಆದ್ರ ಮನಸ್ಸಿಲ್ಲ. ನನ್ನ ನೋಡಿ ಯಾರೂ ಅಂಜಂಗಿಲ್ಲ. ಮೊನ್ನಿ ಒಬ್ಬಾಕಿ ಮುದುಕಿ ತಂಬಿಗಿ ಹಿಡಕೊಂಡು ಬಂದು ಹಾಲು ಹಿಂಡಾಕ ಕುಂತ್ಲು. ಆಕಿನ್ನ ಹೆಂಗ ತಿನ್ನೂದು?”

ನಿಂಬವ್ವ ತನ್ನ ಅಂಗಿಯ ಕಪ್ಪು ಅಂಚನ್ನು ಬಿಚ್ಚಿದಳು. ಸುತ್ತಲೂ ಇದ್ದದ್ದರಿಂದ ಬಹಳ ಉದ್ದವಿತ್ತು. ತುಂಡು ಮಾಡಿ ಹುಲಿಯ ಮೈಮೇಲೆ ಒಂದೊಂದೇ ಇಟ್ಟು ಸೂಜಿ ಹಾಕಿದಳು. ಇಟ್ಟ ಪಟ್ಟಿ ಚರ್ಮದೊಳಗೆ ಇಳಿದು ಪಟ್ಟೆಯಾಯಿತು. ಹುಲಿ ಎದ್ದು ನಿಂತು ಹೊಂಡದ ನೀರಿನಲ್ಲಿ ನೋಡಿಕೊಂಡಿತು. ಬಾಗಿಲು ಬಿಟ್ಟಿತು.

ಇನ್ನೊಂದು ದಿನ ನಡೆದಳು. ಎರಡನೆಯ ಬಾಗಿಲು ಬಂತು. ಬಾಗಿಲಲ್ಲಿ ಆನೆಯಷ್ಟು ದೊಡ್ಡ ನವಿಲು. ಮೈಯೆಲ್ಲ ಬೂದಿ, ಗರಿಗಳಲ್ಲಿ ಒಂದು ಕಣ್ಣೂ ಇಲ್ಲ.

“ನಿಲ್ಲು” ಎಂದಿತು ನವಿಲು. “ನಿನ್ನ ಕಣ್ಣು ಕುಕ್ಕಿ ತೆಗೀಬೇಕು ಅಂತ ಅಪ್ಪಣೆ ಆಗೈತಿ.”

“ನಾ ನಿನಗೂ ಕಾಣ್ತೀನಿ?”

“ಇಷ್ಟು ದೊಡ್ಡ ಗುಂಡಿ ಹಚಗೊಂಡು ಬಂದು ಕಾಣ್ತೀನೇನು ಅಂತ ಕೇಳ್ತೀಯಲ್ಲ. ಏನವು, ಕರಟಾ?”

“ಹೌದು.”

“ಹಳ್ಳಿ ಕಡೀದು” ಎಂದಿತು ನವಿಲು, ಕತ್ತು ಕೊಂಕಿಸಿ. ನಿಂಬವ್ವನಿಗೆ ಖುಷಿಯಾಯಿತು. ಯಾರೋ ಕೊನೆಗೂ ಚೆಂದ ಇಲ್ಲ ಎಂದರು.

ಅದರ ಗರಿಯ ಕಣ್ಣುಗಳೂ ಅದೇ ಪೆಟ್ಟಿಗೆಯಲ್ಲಿದ್ದವು. ನಿಂಬವ್ವ ತನ್ನ ನೀಲಿ ತೋಳನ್ನು ಬಿಚ್ಚಿ, ದುಂಡಗೆ ಕತ್ತರಿಸಿ, ಗರಿಗೊಂದರಂತೆ ಹೊಲಿದಳು. ಇಡೀ ದಿನ ಹಿಡಿಯಿತು. ನವಿಲು ಕತ್ತು ತಿರುಗಿಸಿ ತಪ್ಪು ಹುಡುಕುತ್ತಲೇ ಇತ್ತು.

“ಎಡಕ್ಕ ಒಂದು ವಾರಿ ಆಗೈತಿ ನೋಡು.”

“ಕುಣಿಯುವಾಗ ಯಾರಿಗೂ ಗೊತ್ತಾಗಂಗಿಲ್ಲ.”

“ನನಗ ಗೊತ್ತಾಗತೈತಿ.”

ನಿಂಬವ್ವ ಅದನ್ನು ಬಿಚ್ಚಿ ಸರಿಯಾಗಿ ಹೊಲಿದಳು. ನವಿಲಿನ ಮಾತಿನಲ್ಲಿ ನ್ಯಾಯವಿತ್ತು. ಬಾಗಿಲು ಬಿಟ್ಟಿತು.

ಮತ್ತೊಂದು ದಿನ ನಡೆದಳು. ರೊಟ್ಟಿ ಮುಗಿದಿದ್ದವು. ಎಡಗೈಗೆ ಚಳಿ ಹತ್ತುತ್ತಿತ್ತು. ಮೂರನೆಯ ಬಾಗಿಲು ಬಂತು. ಬಾಗಿಲಿಗೆ ಅಡ್ಡಲಾಗಿ ಹೆಬ್ಬಾವು ಬಿದ್ದಿತ್ತು, ಒಗೆದು ಹಿಂಡಿದ ಬಿಳಿ ಬಟ್ಟೆಯ ಹಾಗೆ. ಮೈಮೇಲೆ ಒಂದು ಗೆರೆಯಿಲ್ಲ. ಅದು ನಿಲ್ಲು ಎನ್ನಲಿಲ್ಲ. ಎರಡು ಬಾಗಿಲುಗಳ ಸುದ್ದಿ ಅದಕ್ಕೆ ಮುಟ್ಟಿತ್ತು.

“ಬಾ” ಎಂದಿತು. “ನನಗ ಎದಿ ಮ್ಯಾಲಿನ ತುಂಡು ಬೇಕು.”

“ಹಳದಿ ತೋಳು ಐತಿ. ಬೆನ್ನಿನ ಕಡೆ ಕೆಂಪು, ಹಸಿರು ಎಲ್ಲಾ ಅದಾವ. ಅವನ್ನ ತಗೋ.”

“ನನ್ನ ಮೈ ಹಂಗ ಇರಲಿಲ್ಲ. ಆ ಎದಿ ಮ್ಯಾಲೆ ಎಲ್ಲಾ ಬಣ್ಣ ಸಣ್ಣ ಸಣ್ಣದಾಗಿ ಒಂದರ ಪಕ್ಕ ಒಂದು ಕುಂತಾವಲ್ಲ, ಹಂಗ ಇತ್ತು.”

“ಅದು ನಮ್ಮವ್ವ ಹೊಲದದ್ದು.”

“ಗೊತ್ತು. ನಿನ್ನ ಹೊಲಿಗಿಕಿಂತ ಸಣ್ಣಗ ಐತಿ.”

ನಿಂಬವ್ವ ಬಹಳ ಹೊತ್ತು ಕೂತಳು. ಹುಲಿಗೆ ಕೊಟ್ಟದ್ದು, ನವಿಲಿಗೆ ಕೊಟ್ಟದ್ದು ಮತ್ತೆ ಮಾಡಿಕೊಳ್ಳಬಹುದಾದದ್ದು. ಇದು ಹಾಗಲ್ಲ. ಹಿಂತಿರುಗಿ ಹೋದರೆ ಅಂಗಿ ಉಳಿಯುತ್ತದೆ, ಗೋಡೆಯೂ ಉಳಿಯುತ್ತದೆ. ಅವಳು ಗೋಡೆಯನ್ನು ಯೋಚಿಸಿದಳು. ಆಮೇಲೆ ಹೊಲಿಗೆ ಬಿಚ್ಚತೊಡಗಿದಳು. ಅವ್ವನ ಹೊಲಿಗೆ ಗಟ್ಟಿಯಿತ್ತು. ಬಿಚ್ಚಲು ಉಗುರು ಮುರಿಯಿತು.

ಹೆಬ್ಬಾವಿನ ಮೈಮೇಲೆ ಬಣ್ಣಗಳು ಹರಡಿಕೊಂಡವು. ಮೂಲೆಯ ನಾಲ್ಕು ಜೋಳದ ಕಾಳು ನೆಲಕ್ಕೆ ಬಿದ್ದವು. ಹಾವು ನಾಲಿಗೆ ಚಾಚಿ ನಾಲ್ಕನ್ನೂ ನುಂಗಿತು.

“ಅವು ಯಾಕ ಇದ್ದವು?” ಎಂದಿತು.

“ಉಪವಾಸ ಇರಬಾರದು ಅಂತ.”

“ಸರಿ ಐತಿ” ಎಂದು ಹೆಬ್ಬಾವು ಬಾಗಿಲು ಬಿಟ್ಟಿತು.

ಈಗ ನಿಂಬವ್ವನ ಅಂಗಿಯಲ್ಲಿ ಉಳಿದದ್ದು ಬೆನ್ನು ಮತ್ತು ಒಂದು ಹಳದಿ ತೋಳು. ಬುತ್ತಿ ಕಟ್ಟಿದ್ದ ಬಟ್ಟೆಯನ್ನು ಎದೆಗೆ ಕಟ್ಟಿಕೊಂಡಳು.

ಬಾಗಿಲ ಆಚೆ ಒಂದು ಸಾಧಾರಣ ಮನೆಯಿತ್ತು. ಒಳಗೆ ಬೂದಿ ಬಣ್ಣದ ಬಟ್ಟೆ ತೊಟ್ಟ ಮುದುಕನೊಬ್ಬ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಅವನೇ ಶೂನ್ಯಮುಖ. ಹೆಸರು ಕೇಳಿ ಹೆದರಿದವರಿಗೆ ಮನುಷ್ಯನನ್ನು ನೋಡಿದರೆ ನಿರಾಸೆಯಾಗುತ್ತಿತ್ತು.

“ಯಾರು ನೀನು? ಅರ್ಧ ಅಂಗಿ ಹಾಕಿಕೊಂಡು ಬಂದಿದ್ದೀಯಲ್ಲ” ಎಂದ.

“ನಿಮಗೂ ಕಾಣ್ತೀನಿ?”

ಶೂನ್ಯಮುಖ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟ. “ಮಾಂತ್ರಿಕನಿಗೆ ಎಲ್ಲವೂ ಕಾಣುತ್ತದೆ” ಎಂದ.

“ನೀವು ಹಾಕಿದ ಮಂತ್ರ ತೆಗೀರಿ.”

“ಯಾವ ಮಂತ್ರ?”

“ಬ್ಯಾರೆ ಬಟ್ಟಿ ತೊಟ್ಟವರು ಕಾಣಂಗಿಲ್ಲ ಅಂತ ಹಾಕೀರಲ್ಲ, ಅದು.”

“ಓ, ಅದಾ!” ಶೂನ್ಯಮುಖ ಹಣೆ ಒತ್ತಿಕೊಂಡ. “ಅದು ಇನ್ನೂ ನಡೆಯುತ್ತಿದೆಯೇ? ಸರಿ. ಅದಕ್ಕೇನು, ತೆಗೆದರಾಯಿತು.”

ಅವನು ಒಂದು ಓಲೆ ತೆಗೆದ. ‘ಮಂತ್ರವನ್ನು ಹಿಂತೆಗೆಯಲಾಗಿದೆ’ ಎಂದು ಬರೆದ. ಮುದ್ರೆ ಒತ್ತಿ ಅವಳ ಕೈಗೆ ಕೊಟ್ಟ.

“ಇಷ್ಟೇನಾ?”

“ಇಷ್ಟೇ.”

“ಹೋಮ ಗೀಮ ಬ್ಯಾಡೇನು?”

“ಹುಲಿಯ ಪಟ್ಟೆ ಕೀಳುವುದಕ್ಕೆ ಒಂಬತ್ತು ದಿನ ಹೋಮ ಮಾಡಿದ್ದೆ. ನವಿಲಿಗೆ ಹನ್ನೊಂದು ದಿನ. ಬೆನ್ನು ಬಿದ್ದುಹೋಯಿತು. ಇದಕ್ಕೆ ಅದೆಲ್ಲ ಬೇಡ. ಹಾಕುವಾಗಲೂ ಓಲೆಯನ್ನೇ ಬರೆದಿದ್ದೆ.”

ನಿಂಬವ್ವ ಮುಂದಿನ ಪ್ರಶ್ನೆ ಕೇಳಲಿಲ್ಲ. ಅವಳ ಮನಸ್ಸು ಆಗಲೇ ಗಾಣದ ಓಣಿ ತಲುಪಿತ್ತು. ಅವಳು ಹೊರಡಲು ತಿರುಗಿದಾಗ ಬಾಗಿಲಲ್ಲಿ ಹುಲಿ ನಿಂತಿತ್ತು, ಅದರ ಹಿಂದೆ ನವಿಲು, ಹೆಬ್ಬಾವು. ಪಟ್ಟೆ ಇರುವ ಹುಲಿ ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಅದು ಶೂನ್ಯಮುಖನನ್ನು ನೋಡಿತು. ಹುಲಿಗೆ ಆಗ ಮನಸ್ಸಾಯಿತು.

ಆಮೇಲೆ ಪೆಟ್ಟಿಗೆ ತೆರೆದರು. ಹಳೆಯ ಪಟ್ಟೆ, ಹಳೆಯ ಕಣ್ಣು, ಹಳೆಯ ಚಿತ್ತಾರ ಎಲ್ಲ ಹಾಗೇ ಇದ್ದವು. ಹುಲಿ ಮೂಸಿ ನೋಡಿತು.

“ಬ್ಯಾಡ” ಎಂದಿತು. “ಈಗಿರೋವೇ ಇರ್ಲಿ.”

ಉಳಿದೆರಡೂ ಹಾಗೆಯೇ ಎಂದವು. ಅವ್ವನ ತುಂಡನ್ನು ವಾಪಸು ಕೊಡುತ್ತದೆಯೇನೋ ಎಂದು ನಿಂಬವ್ವ ಒಂದು ಕ್ಷಣ ಹೆಬ್ಬಾವಿನ ಕಡೆ ನೋಡಿದಳು. ಅದು ಆಗಲೇ ಬಿಸಿಲಿನಲ್ಲಿ ಮೈ ಚಾಚಿ ಮಲಗಿತ್ತು.

ಮೂರು ದಿನ ನಡೆದು ಅವಳು ಕಲ್ಮುಡಿಗೆ ಬಂದಾಗ ಸಂತೆ ನೆರೆದಿತ್ತು. ಎಂದಿನಂತೆ ದಾರಿ ಸಿಕ್ಕಿತು. ಡಂಗುರದ ಯಮನಪ್ಪ ಮರದ ಕೆಳಗೆ ಕೂತಿದ್ದ. ಅವನ ಮುಂದಿದ್ದ ಹಲಗೆಯ ಮೇಲೆ ಅವಳು ಓಲೆ ಇಟ್ಟಳು. ಕಾಣದ ಕೈ ಇಟ್ಟ ಓಲೆಯಾದರೂ ಮುದ್ರೆ ಕಾಣುತ್ತಿತ್ತು. ಯಮನಪ್ಪ ಹಲಗೆ ಬಾರಿಸಿ ಓದಿದ.

ಮೊದಲು ಬಳೆ ಮಾರುವವಳು ಕೂಗಿದಳು: “ಅಯ್ಯ ಶಿವನೇ, ನಿಂಬವ್ವಾ! ಎಲ್ಲಿದ್ದಿ ಇಷ್ಟು ವರ್ಷ?”

“ಇಲ್ಲೇ ಇದ್ದೆ.”

“ಎಂಥಾ ಗಟ್ಟಿ ಮಂತ್ರ ಇತ್ತು ನೋಡ್ರಿ!”

ಎಲ್ಲರೂ ಹೌದು ಹೌದು ಎಂದರು. ಕೆಲವರು ಅತ್ತರು. ಅಡಿವೆಪ್ಪ ಕೆಂಪು ರುಮಾಲಿನ ಸಮೇತ ಜನರ ನಡುವಿನಿಂದ ಎದ್ದು ಬಂದ. ಅವನ ಹೆಂಡತಿ ಎಲ್ಲರೆದುರು ಅವನ ಕೈ ಹಿಡಿದಳು. ಇಬ್ಬರು ಸಣ್ಣ ಮಕ್ಕಳು ಅವನನ್ನು ಅಪ್ಪಾ ಎಂದರು, ರೂಢಿಯಿದ್ದವರ ಹಾಗೆ.

ರಾಜನಿಗೆ ತಲೆನೋವು ಬಂತು. ಕಷಾಯ ಕುಡಿದ. ಹೋಯಿತು.

ಆಮೇಲೆ ಕಲ್ಮುಡಿಯಲ್ಲಿ ಜನ ತಮಗೆ ಬೇಕಾದ್ದನ್ನು ತೊಟ್ಟರು. ಮೊದಲ ವಾರ ಹಾಗೆ ನಡೆಯಿತು. ಎರಡನೆಯ ವಾರದಿಂದ ಎಲ್ಲರೂ ಅಂಗಿಯ ಎಡತೋಳು ಕತ್ತರಿಸಿ, ಬಲತೋಳಿಗೆ ಹಳದಿ ಹಚ್ಚಿಕೊಂಡು ತಿರುಗಿದರು, ಏಕೆಂದರೆ ಗುಡ್ಡದಿಂದ ನಿಂಬವ್ವ ಹಾಗೆ ಬಂದಿದ್ದಳು. ಆ ಚಳಿಗಾಲ ಊರಿನ ಎಡಗೈಗಳೆಲ್ಲ ಮರಗಟ್ಟಿದವು. ಸಂತೋಷಕ್ಕೇನೂ ಕೊರತೆಯಾಗಲಿಲ್ಲ. ಹುಲಿ ಕಾಡಿನಲ್ಲಿ, ನವಿಲು ಗುಡ್ಡದಲ್ಲಿ, ಜನ ಊರಿನಲ್ಲಿ ನೆಮ್ಮದಿಯಾಗಿದ್ದರು. ಮಂತ್ರ ಹೋದ ದಿನವನ್ನು ಪ್ರತಿ ವರ್ಷ ಹಬ್ಬ ಮಾಡಿದರು. ಆ ಮಂತ್ರದ ಶಕ್ತಿಯನ್ನು ಮಕ್ಕಳಿಗೆ ಹೇಳಿದರು, ಮಕ್ಕಳು ನಂಬಿದರು.

ಒಂದು ಸಂಜೆಯ ಮಾತು ಮಾತ್ರ ಉಳಿದಿದೆ. ಓಲೆ ಓದಿದ ದಿನದ ಸಂಜೆ.

ನಿಂಬವ್ವ ಗಾಣದ ಓಣಿಗೆ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಸಾತವ್ವ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಇನ್ನೂ ಹಿಟ್ಟಿತ್ತು. ಅವಳು ಗೋಡೆಯ ಕಡೆ ನೋಡಲಿಲ್ಲ.

“ನಿಂಬೀ” ಎಂದಳು.

ನಿಂಬವ್ವನಿಗೆ ಬೇಕಾದದ್ದು ಅಷ್ಟೇ ಆಗಿತ್ತು. ಅದು ಸಿಕ್ಕಿತು. ಇಬ್ಬರೂ ಹೊಸ್ತಿಲ ಮೇಲೆ ಕೂತರು. ಸಾತವ್ವ ತಂಗಿಯ ಕೈ ಹಿಡಿದುಕೊಂಡಳು.

“ಕೈ ಎಷ್ಟು ತಣ್ಣಗ ಆಗ್ಯಾವ” ಎಂದಳು ಸಾತವ್ವ. “ಆ ಹರಕ ತಗಿ ಮೊದಲು.”

ಅವಳು ಒಳಗೆ ಹೋಗಿ ಪೆಟ್ಟಿಗೆ ತೆರೆದು ಒಂದು ಅಂಗಿ ತಂದಳು. ಹೊಸದು. ಕೌದಿಯ ಹಾಗೆ ಚೂರುಚೂರು ಸೇರಿಸಿ ಹೊಲಿದದ್ದು. ಹೊಲಿಗೆ ಅವ್ವನದರಷ್ಟು ಸಣ್ಣಗಿರಲಿಲ್ಲ. ಕೆಳಗಿನ ಮೂಲೆಯನ್ನು ನಿಂಬವ್ವ ಬೆರಳಿನಿಂದ ಒತ್ತಿ ನೋಡಿದಳು. ನಾಲ್ಕು ಕಾಳು ಇದ್ದವು.

“ಯಾವಾಗ ಹೊಲದಿ?”

“ಜ್ವರ ಬರೂಕಿಂತ ಮುಂಚೆ. ಎಂದರ ಮಂತ್ರ ಹೋದ್ರ ಹಾಕ್ಕೊಳ್ಳಲಿ ಅಂತ ಇಟ್ಟಿದ್ದೆ.”

“ಅಳತಿ?”

“ಅಳತಿ ಎಲ್ಲಿಂದ ತರ್ಲವಾ?” ಎಂದಳು ಸಾತವ್ವ, ಕೈಯ ಹಿಟ್ಟನ್ನು ತಿಕ್ಕುತ್ತ. “ನಿನ್ನ ನೋಡಿ ಏಳು ವರ್ಷ ಆತು. ನನ್ನ ಎದಿಮಟ ಬರ್ತಿದ್ದಿ ಆಗ. ಸುಮ್ನ ಅಂದಾಜಿಲೆ ಹೊಲದೆ. ಸಣ್ಣದಾದ್ರ ಬಿಚ್ಚಿ ಪಟ್ಟಿ ಹಚ್ಚಿದ್ರಾತು.”

ನಿಂಬವ್ವ ಎದ್ದು ನಿಂತು ಅಂಗಿ ತೊಟ್ಟಳು. ಗುಂಡಿ ಹಾಕಿದಳು. ಎರಡೂ ಕೈ ಮುಂದೆ ಚಾಚಿ ನೋಡಿದಳು.

ತೋಳು ಮಣಿಕಟ್ಟಿಗೆ ಸರಿಯಾಗಿ ಬಂದಿತ್ತು.